ಟಿಇಟಿ ಪಾಸಾದ ಮೇಲೆ ಉಳಿಯುವ ಪ್ರಶ್ನೆ

ಭಾರತದಲ್ಲಿ ಒಂದರಿಂದ ಎಂಟನೇ ತರಗತಿವರೆಗೆ ಪಾಠ ಹೇಳಲು ಡಿ.ಎಲ್.ಇಡಿ ಅಥವಾ ಬಿ.ಇಡಿ ಆದರೆ ಸಾಲದು, ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲೂ ತೇರ್ಗಡೆಯಾಗಬೇಕು. ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾದ 2010ರಲ್ಲೇ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು ಈ ಟಿಇಟಿಯನ್ನು ಕಡ್ಡಾಯ ಮಾಡಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಹಾಲಿ ಶಿಕ್ಷಕರೂ ಎರಡು ವರ್ಷದೊಳಗೆ ಪಾಸಾಗಬೇಕೆಂದು 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅಲ್ಪಸಂಖ್ಯಾತ ಸಂಸ್ಥೆಗಳ ವಿಚಾರವನ್ನು ಮಾತ್ರ ಹೆಚ್ಚಿನ ನ್ಯಾಯಮೂರ್ತಿಗಳ ಪೀಠಕ್ಕೆ ಬಿಟ್ಟಿತು.

ಟಿಇಟಿಯಲ್ಲಿ 150 ಪ್ರಶ್ನೆಗಳು, ಎಲ್ಲವೂ ನಾಲ್ಕರಲ್ಲಿ ಒಂದನ್ನು ಆರಿಸುವಂಥವು. ವಿಷಯಜ್ಞಾನ ತೀರಾ ಕಡಿಮೆ ಇರುವವರನ್ನು ಅದು ತಡೆಯುತ್ತದೆ. ಅಷ್ಟರಮಟ್ಟಿಗೆ ಅದು ಬೇಕೇ ಬೇಕು. ಆದರೆ ಮೂರನೇ ತರಗತಿಯ ಮಗು 42ರಲ್ಲಿ 17 ಕಳೆದು 35 ಎಂದು ಬರೆದಾಗ, ಅದು ಎರಡರಲ್ಲಿ ಏಳು ಹೋಗದೆಂದು ಏಳರಲ್ಲೇ ಎರಡು ಕಳೆದಿದೆ ಎಂದು ಥಟ್ಟನೆ ಗುರುತಿಸಿ, ಕಡ್ಡಿಕಟ್ಟು ಬಿಚ್ಚಿ ದಶಕ ತೋರಿಸುವ ಜಾಣ್ಮೆಯನ್ನು ಒಎಂಆರ್ ಹಾಳೆ ಅಳೆಯಲಾರದು. ಅದು ಬರುವುದು ಮಕ್ಕಳ ಮುಂದೆ ನಿಂತು, ಅನುಭವಿಯೊಬ್ಬರಿಂದ ತಿದ್ದಿಸಿಕೊಂಡಾಗಲೇ.

ತರಬೇತಿ ಸೋತಿರುವುದೂ ಇಲ್ಲಿಯೇ. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ತರಬೇತಿ ಕಾಲೇಜುಗಳ ದುಃಸ್ಥಿತಿಯನ್ನು ಬಯಲಿಗೆಳೆಯಿತು. ಅನೇಕ ಕಾಲೇಜುಗಳು ದುಡ್ಡಿಗೆ ಪದವಿ ಮಾರುತ್ತಿವೆ ಎಂಬ ಮಾತು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಇದೆ. ಆಯೋಗದ ವರದಿಯ ನಂತರ, 2015ರಿಂದ, ಬಿ.ಇಡಿ ಎರಡು ವರ್ಷದ್ದಾಯಿತು. ಶಾಲೆಯಲ್ಲಿ ಕಳೆಯುವ ಅವಧಿ 20 ವಾರಕ್ಕೆ ಏರಿತು. ವಾರಗಳು ಹೆಚ್ಚಿದರೆ ಸಾಲದು. ಪ್ರಶಿಕ್ಷಣಾರ್ಥಿಯನ್ನು ಖಾಲಿ ಹುದ್ದೆಯ ಜಾಗದಲ್ಲಿ ನಿಲ್ಲಿಸಿ, ಪಾಠಯೋಜನೆಯ ಪುಸ್ತಕಕ್ಕೆ ಸಹಿ ಹಾಕಿ ಕಳಿಸಿದರೆ ಅವರು ಕಲಿಯುವುದೇನು?

ವಿಷಯವನ್ನೂ ಬೋಧನೆಯನ್ನೂ ಒಟ್ಟಿಗೇ ಕಲಿಸುವ ನಾಲ್ಕು ವರ್ಷದ ಪದವಿ ಇದಕ್ಕಿಂತ ಗಟ್ಟಿ ದಾರಿ. 1963ರಲ್ಲಿ ಆರಂಭವಾದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ದಶಕಗಳಿಂದ ಇಂಥ ಬಿ.ಎಸ್‌ಸಿ.ಇಡಿ ನಡೆಸುತ್ತ ಬಂದಿದೆ. ಇದೇ ಬಗೆಯ ಪದವಿಯನ್ನು 2030ರ ಹೊತ್ತಿಗೆ ಕನಿಷ್ಠ ಅರ್ಹತೆಯಾಗಿಸುವುದು ಹೊಸ ನೀತಿಯ ಗುರಿ; ದೇಶದ ಆಯ್ದ ಸಂಸ್ಥೆಗಳಲ್ಲಿ 2023–24ರಿಂದ ಅದು ಶುರುವಾಗಿದೆ.

ಪ್ರಮಾಣಪತ್ರ ಕೊಡುವ ಕ್ರಮವೂ ಬದಲಾಗಬೇಕು. ಮೊದಲ ಒಂದೆರಡು ವರ್ಷ ತಾತ್ಕಾಲಿಕ ಅರ್ಹತೆ ಕೊಟ್ಟು, ತರಗತಿಯಲ್ಲಿ ಹಲವು ಸಲ ಪಾಠ ನೋಡಿದ ಮೇಲೆ ಕಾಯಂ ಮಾಡುವುದು ನ್ಯಾಯವಾದ ಕ್ರಮ. ಕರ್ನಾಟಕದಲ್ಲಿ ಜಿಲ್ಲೆಗಳಲ್ಲಿ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್), ಶಾಲೆಗಳ ಪ್ರತಿ ಕ್ಲಸ್ಟರಿಗೊಬ್ಬ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಎಂಬ ವ್ಯವಸ್ಥೆ ಈಗಾಗಲೇ ಇದೆ. ಸಿಆರ್‌ಪಿಗಳಿಗೆ ಅಂಕಿಅಂಶ ಕಲೆಹಾಕುವ ಹೊರೆ ಇಳಿಸಿ, ಹಿಂದಿನ ಬೆಂಚಿನಲ್ಲಿ ಕೂತು ಪೂರ್ತಿ ಒಂದು ಪೀರಿಯಡ್ ನೋಡಿ, ಆಮೇಲೆ ಶಿಕ್ಷಕರೊಡನೆ ಬಿಡುವಾಗಿ ಮಾತಾಡುವಷ್ಟು ಸಮಯ ಕೊಟ್ಟರೆ ಈ ಕೆಲಸಕ್ಕೆ ಹೊಸ ಇಲಾಖೆಯೇನೂ ಬೇಕಾಗದು.