ಅಂಚಿಗೆ ಸಿಕ್ಕವರ ಪಾಲು

ಬೇಸಿಗೆ ಬಂತೆಂದರೆ ಡೊಂಬಿವಲಿಯ ನಮ್ಮ ಮನೆಯಲ್ಲಿ ಚೈನಾ ಗ್ರಾಸ್ ಪುಡ್ಡಿಂಗ್ ಆಗಲೇಬೇಕು. ನೆನೆಸಿದ ಬಿಳಿ ಎಳೆಗಳನ್ನು ಕುದಿಸಿ ಕರಗಿಸಿ, ಸಿಹಿ ಹಾಲಿಗೆ ಬೆರೆಸಿ ತಟ್ಟೆಗೆ ಸುರಿದರೆ, ಫ್ರಿಜ್ಜಿಗೆ ಇಡುವ ಮೊದಲೇ ಅಂಚು ಕಟ್ಟಿಕೊಳ್ಳತೊಡಗುತ್ತದೆ. ಕೆಂಪು ಕಡಲಪಾಚಿಯಿಂದ ತೆಗೆಯುವ ಈ ವಸ್ತುವೇ ಅಗರ್. ನಮ್ಮ ಪಕ್ಕದ ಥಾಣೆಯ ವಾಗ್ಳೆ ಎಸ್ಟೇಟಿನ ಹೈಮೀಡಿಯಾ ಕಂಪನಿ, ಇದೇ ಅಗರ್‌ಗೆ ಬ್ಯಾಕ್ಟೀರಿಯಾದ ಆಹಾರ ಬೆರೆಸಿದ ಪುಡಿಯನ್ನು ಡಬ್ಬಿ ತುಂಬಿ ಲ್ಯಾಬುಗಳಿಗೆ ಕಳಿಸುತ್ತದೆ.

ಅಡುಗೆಮನೆಯ ಅಗರ್ ಲ್ಯಾಬು ಸೇರಿದ್ದು ಫ್ಯಾನಿ ಹೆಸ್ಸೆ ಎಂಬ ಗೃಹಿಣಿಯಿಂದ. ಅವರ ಗಂಡ ವಾಲ್ಟರ್, ಬರ್ಲಿನ್ನಿನ ರಾಬರ್ಟ್ ಕಾಕ್ ಅವರ ಲ್ಯಾಬಿನಲ್ಲಿದ್ದರು. ಅಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಬಳಸುತ್ತಿದ್ದ ಜೆಲಟಿನ್ ಸೆಕೆಗೆ ನೀರಾಗುತ್ತಿತ್ತು. ಕೆಲವು ಬ್ಯಾಕ್ಟೀರಿಯಾ ಅದನ್ನೇ ಜೀರ್ಣಿಸಿಕೊಂಡುಬಿಡುತ್ತಿದ್ದವು. ಜಾವಾದಲ್ಲಿದ್ದು ಬಂದ ಪರಿಚಿತರಿಂದ ಕಲಿತ ಅಗರ್ ಬಳಸಿ ನೋಡಿ ಎಂದರು ಫ್ಯಾನಿ. 1882ರ ಕ್ಷಯರೋಗದ ಪ್ರಬಂಧದಲ್ಲಿ ಕಾಕ್ ಅಗರ್ ಹೆಸರು ಬರೆದರು, ಫ್ಯಾನಿ ಹೆಸರು ಬರೆಯಲಿಲ್ಲ. ಅದು ಅನ್ಯಾಯವೇ.

ಗಟ್ಟಿ ನೆಲ ಸಿಕ್ಕಿದ್ದರಿಂದ ಬ್ಯಾಕ್ಟೀರಿಯಾಕ್ಕೆ ನೆರೆಹೊರೆ ಬಂತು. ದ್ರವದಲ್ಲಿ ಎಲ್ಲವೂ ಕದಡಿಕೊಂಡಿರುತ್ತವೆ. ಅಗರ್ ಮೇಲೆ ಮಗಳು ತಾಯಿಯ ಮಗ್ಗುಲಲ್ಲೇ ಬೆಳೆದು ಪಕ್ಕದವರನ್ನು ತಳ್ಳುತ್ತಾಳೆ. 2007ರಲ್ಲಿ ವಿಜ್ಞಾನಿಗಳಾದ ಓಸ್ಕರ್ ಹಲ್ಲಾಚೆಕ್, ಶರದ್ ರಾಮನಾಥನ್ ಮತ್ತು ಸಂಗಡಿಗರು, ಬಣ್ಣವೊಂದು ಬಿಟ್ಟು ಬೇರೆಲ್ಲದರಲ್ಲೂ ಸಮನಾದ ಎರಡು ಬಗೆಯ ಇ. ಕೋಲಿ ಬ್ಯಾಕ್ಟೀರಿಯಾವನ್ನು ಬೆರೆಸಿ ಅಗರ್ ಮೇಲೆ ಒಂದು ಹನಿ ಇಟ್ಟರು. ಹನಿ ಬಿದ್ದಲ್ಲಿ ಬಣ್ಣಗಳು ಬೆರೆತೇ ಇದ್ದವು. ಹೊರಕ್ಕೆ ಹೋದಂತೆ ಮಾತ್ರ, ಹೋಳು ಮಾಡಿದ ಹೋಳಿಗೆಯಂತೆ, ಒಂದೊಂದು ತುಂಡಿಗೆ ಒಂದೇ ಬಣ್ಣ. ಹೊಸ ಜಾಗಕ್ಕೆ ಕಾಲಿಡುವುದು ಅಂಚಿನ ಕೆಲವೇ ಕೋಶಗಳ ಸಂತಾನ. ಅಂಚು ಯಾರಿಗೆ ಸಿಕ್ಕಿತು ಎಂಬುದು ಇಲ್ಲಿ ಬರೀ ಅದೃಷ್ಟ.

ಸಾಮರ್ಥ್ಯಕ್ಕೆ ಬೆಲೆಯಿಲ್ಲವೇ? ಇದೆ, ಆದರೆ ನಿಂತ ಜಾಗ ಅದನ್ನೂ ಕಟ್ಟಿಹಾಕಬಲ್ಲದು. 2016ರಲ್ಲಿ ಮೈಕಲ್ ಬೇಮ್, ರಾಯ್ ಕಿಶೋನಿ ತಂಡ ನಾಲ್ಕಡಿ ಉದ್ದ, ಎರಡಡಿ ಅಗಲದ ತಟ್ಟೆಯಲ್ಲಿ ಅಗರ್ ಹೊಯ್ದು, ನಡುವಿನತ್ತ ಪಟ್ಟಿಯಿಂದ ಪಟ್ಟಿಗೆ ಆಂಟಿಬಯಾಟಿಕ್ ಏರಿಸುತ್ತ ಹೋಯಿತು. ತುದಿಗಳಿಂದ ಹೊರಟ ಬ್ಯಾಕ್ಟೀರಿಯಾ ಪ್ರತಿ ಗಡಿಯಲ್ಲೂ ತಡೆದು ನಿಂತವು. ಮದ್ದು ತಡೆಯಬಲ್ಲ ಒಂದು ಹುಟ್ಟಿದಲ್ಲಿಂದ ಬೀಸಣಿಗೆಯಂತೆ ಹರಡಿದವು. ಮೊದಲು ತಮ್ಮನ್ನು ತಡೆಯುತ್ತಿದ್ದ ಪ್ರಮಾಣದ ಸಾವಿರ ಪಟ್ಟು ಮದ್ದಿದ್ದ ನಡುಪಟ್ಟಿಗೂ ಸುಮಾರು 11 ದಿನಗಳಲ್ಲಿ ನುಗ್ಗಿದವು.

ಆದರೆ ಮುಂದಿದ್ದವಕ್ಕಿಂತ ಹೆಚ್ಚು ಮದ್ದು ತಾಳಬಲ್ಲ ಕೆಲವು ಬ್ಯಾಕ್ಟೀರಿಯಾ ಅಂಚಿನ ಹಿಂದೆ ಹುಟ್ಟಿದ್ದವು. ಎದುರಿನ ದಟ್ಟಣೆಯಲ್ಲಿ ದಾರಿ ಸಿಗದೆ ಅಲ್ಲೇ ಉಳಿದಿದ್ದವು. ಸಂಶೋಧಕರು ಅವನ್ನು ಎತ್ತಿ ಮುಂದಿನ ಪಟ್ಟಿಯಲ್ಲಿಟ್ಟಾಗ, ಅಲ್ಲಿ ಬೆಳೆದವು.