ಪಂಜರದ ತಳದ ಕಾಗದ

ಬಜರಿಗರ್ ಸಾಕಿ ಪಳಗಿದವರು ಬೆಳಗ್ಗೆ ಎದ್ದು ಮೊದಲು ನೋಡುವುದು ಹಕ್ಕಿಯನ್ನಲ್ಲ, ಪಂಜರದ ತಳಕ್ಕೆ ಹಾಸಿದ ಕಾಗದವನ್ನು. ನಮ್ಮ ಪೇಟೆಗಳಲ್ಲಿ ‘ಲವ್ ಬರ್ಡ್ಸ್’ ಎಂದೇ ಮಾರಾಟವಾಗುವ ಈ ಪುಟ್ಟ ಗಿಣಿಯ ಹಿಕ್ಕೆಯಲ್ಲಿ ಮೂರು ಭಾಗ: ಗಟ್ಟಿಯಾದ ಹಸಿರು ಸುರುಳಿ, ಅದಕ್ಕಂಟಿದ ಬಿಳಿ, ಸುತ್ತ ಚೂರು ನೀರು. ಬಿಳಿ ಹಳದಿಗೆ ತಿರುಗಿತೋ, ಯಕೃತ್ತಿನ ಮೇಲೆ ಅನುಮಾನ. ನೀರು ಹೆಚ್ಚಾಗಿದ್ದರೆ ಗಾಬರಿ ಬೇಡ. ನಿನ್ನೆ ಸೌತೆಕಾಯಿ ಕೊಟ್ಟಿದ್ದೆವೇ ಎಂದು ಮೊದಲು ನೆನಪಿಸಿಕೊಳ್ಳಬೇಕು. ಕೊಟ್ಟಿರದಿದ್ದರೆ ವೈದ್ಯರನ್ನು ಕೇಳಬೇಕು.

ಇಷ್ಟೊಂದು ಪತ್ತೇದಾರಿಕೆ ಯಾಕೆಂದರೆ, ಈ ಹಕ್ಕಿ ಕಾಯಿಲೆಯನ್ನು ಮುಚ್ಚಿಡುತ್ತದೆ. ಆಸ್ಟ್ರೇಲಿಯಾದ ಒಣಬಯಲಲ್ಲಿ ಹಿಂಡುಹಿಂಡಾಗಿ ಅಲೆಯುವ ಜಾತಿ ಇದು. ಅಲ್ಲಿ ಬಳಲಿದಂತೆ ಕಂಡ ಹಕ್ಕಿಯ ಮೇಲೇ ಗಿಡುಗನ ಕಣ್ಣು. 1840ರಲ್ಲಿ ಜಾನ್ ಗೌಲ್ಡ್ ಜೀವಂತ ಬಜರಿಗರ್‌ಗಳನ್ನು ಇಂಗ್ಲೆಂಡಿಗೆ ಒಯ್ದ ಮೇಲೆ ಎಷ್ಟು ತಲೆಮಾರು ಪಂಜರದಲ್ಲೇ ಕಳೆದರೂ ಆ ಎಚ್ಚರ ಹೋಗಿಲ್ಲ. ಮೈತೂಕವೇ 30ರಿಂದ 40 ಗ್ರಾಂ. ಅದರಲ್ಲಿ ನಾಲ್ಕು ಗ್ರಾಂ ಕರಗಿದರೂ ಪುಕ್ಕದ ಮರೆಯಲ್ಲಿ ಕಣ್ಣಿಗೆ ತಿಳಿಯದು, ತಕ್ಕಡಿಗೆ ತಿಳಿಯುತ್ತದೆ. ಅದಕ್ಕೇ ಬಲ್ಲವರು ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿಯ ಮೇಲೆ ನಾಲ್ಕು ಕಾಳು ಉದುರಿಸಿ, ವಾರಕ್ಕೊಮ್ಮೆ ಹಕ್ಕಿ ತಾನಾಗಿಯೇ ಹತ್ತುವಂತೆ ರೂಢಿ ಮಾಡಿಸಿರುತ್ತಾರೆ.

ಮೈಭಾಷೆ ಕಲಿಯುವುದಕ್ಕೆ ಸಂಜೆಯೇ ಒಳ್ಳೆಯ ಹೊತ್ತು. ಪುಕ್ಕ ಉಬ್ಬಿಸಿ, ಒಂಟಿಕಾಲಲ್ಲಿ ನಿಂತು, ಕೊಕ್ಕನ್ನು ಕರಕರ ಮಸೆಯುತ್ತಿದ್ದರೆ ಸುಖನಿದ್ರೆಯ ತಯಾರಿ. ಹಗಲಲ್ಲೇ ಉಬ್ಬಿಕೊಂಡು, ಎರಡೂ ಕಾಲೂರಿ, ಉಸಿರು ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ ಮಾತ್ರ ನಾಳೆಗೆ ಕಾಯುವಂತಿಲ್ಲ. ರೆಕ್ಕೆಗಳನ್ನು ಮೈಯಿಂದ ಬಿಡಿಸಿ, ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ. ಪಂಜರವನ್ನು ನೆರಳಿಗೆ ಸರಿಸಿ. ಗಂಡು ಹಕ್ಕಿ ಕನ್ನಡಿಗೆ ತಲೆ ಕುಣಿಸಿ, ನುಂಗಿದ ಕಾಳನ್ನು ಕಕ್ಕಿ ಉಣಿಸಲು ಹೊರಟರೆ ಅದು ರೋಗವಲ್ಲ, ಪ್ರೇಮ. ಆದರೆ ಇಡೀ ದಿನ ಅದೇ ಕಸುಬಾದರೆ ಕನ್ನಡಿ ತೆಗೆದಿಡುವುದೇ ಲೇಸು.

ಊಟದ ವಿಷಯದಲ್ಲಿ ಇದು ಮಹಾ ಹಟಮಾರಿ. ನವಣೆ ತೆನೆ ಕಂಡರೆ ಪ್ರಾಣ. ಬರೀ ಕಾಳಿನ ಮೇಲೆಯೇ ಬಿಟ್ಟರೆ ಕೊಬ್ಬು ಏರುತ್ತದೆ, ಎ ಜೀವಸತ್ವ ಸೊರಗುತ್ತದೆ. ಕ್ಯಾರೆಟ್ ತುರಿ, ಕೊತ್ತಂಬರಿ ಇಟ್ಟರೆ ಹೊಸದೆಂದು ಹತ್ತಿರವೂ ಸುಳಿಯದು. ಅದಕ್ಕೊಂದು ಚಂದದ ಉಪಾಯವಿದೆ: ನೀರು ತೊಟ್ಟಿಕ್ಕುವ ಸೊಪ್ಪಿನ ಕಟ್ಟನ್ನು ಪಂಜರದ ಮೇಲ್ಭಾಗಕ್ಕೆ ಕಟ್ಟುವುದು. ಒದ್ದೆ ಎಲೆಗೆ ಮೈ ಉಜ್ಜಿ ಸ್ನಾನ ಮಾಡುವುದು ಇವುಗಳ ಹುಟ್ಟುಗುಣ. ಹೊರಳುತ್ತಾ ಹೊರಳುತ್ತಾ ಎಲೆಯಂಚನ್ನು ಕಚ್ಚಿ ನೋಡುತ್ತದೆ. ಅಲ್ಲಿಗೆ ಅರ್ಧ ಕೆಲಸ ಮುಗಿದಂತೆ.

ಬೆಣ್ಣೆಹಣ್ಣನ್ನು ಮಾತ್ರ ತೋರಿಸಲೂಬೇಡಿ, ಅದು ವಿಷ. ಅತಿಯಾಗಿ ಕಾದ ನಾನ್‌ಸ್ಟಿಕ್ ಬಾಣಲೆಯ ಹೊಗೆ ಇನ್ನೂ ಕ್ರೂರ. ಗಾಳಿಯನ್ನು ಅಷ್ಟು ಚೆನ್ನಾಗಿ ಹೀರುವ ಆ ಶ್ವಾಸಕೋಶವೇ ಆಗ ಶತ್ರು, ನಿಮಿಷಗಳಲ್ಲಿ ಪ್ರಾಣ ಹೋದೀತು. ಹಕ್ಕಿಯಿರುವ ಮನೆಗೆ ಕಬ್ಬಿಣದ ಕಾವಲಿಯೇ ಸರಿ. ದೋಸೆಯೂ ಅದರಲ್ಲೇ ರುಚಿ ಬಿಡಿ.