ತೊಳೆದರೆ ಮುಗಿಯಿತೆ?

ಮಳೆಗಾಲದಲ್ಲಿ ಮಡ್‌ಗಾರ್ಡಿನೊಳಗೆ ಕೆಸರು ಕಚ್ಚಿಕೊಂಡು ಸೈಕಲ್ಲಿನ ಚಕ್ರ ತಿರುಗದೇ ಹೋದಾಗ ಕಡ್ಡಿ ಹಾಕಿ ಕೆರೆದದ್ದು ನನ್ನ ವಯಸ್ಸಿನವರಿಗೆ ನೆನಪಿದ್ದೀತು. ನಾವು ಕೆಸರು ತಪ್ಪಿಸಲು ಹೆಣಗುತ್ತಿದ್ದೆವು. ಬೆಲ್ಜಿಯಂನವರು ಕೆಸರನ್ನೇ ಹುಡುಕಿಕೊಂಡು ಹೋಗಿ ಸೈಕಲ್ ಓಡಿಸುತ್ತಾರೆ, ಮಕ್ಕಳೇ! ಘೆಂಟ್ ನಗರದಲ್ಲಿರುವ ಮಗನ ಮನೆಯಲ್ಲಿ ಒಂದು ಚಳಿಗಾಲ ಕಳೆದಾಗ, ಹನ್ನೆರಡು ವರ್ಷದ ಮೊಮ್ಮಗನಿಂದಾಗಿ ಇದನ್ನು ಕಣ್ಣಾರೆ ಕಂಡೆ.

ಈ ಆಟದ ಹೆಸರು ಸೈಕ್ಲೋಕ್ರಾಸ್. ಸೆಪ್ಟೆಂಬರಿನಿಂದ ಫೆಬ್ರುವರಿವರೆಗೆ ಇದರ ಕಾಲ. ಹುಲ್ಲು, ಮರಳು, ಕೆಸರು, ದಿಣ್ಣೆಗಳ ನಡುವೆ ಸುಮಾರು ಮೂರು ಕಿಲೋಮೀಟರಿನ ಸುತ್ತು. ದೊಡ್ಡವರಿಗೆ ಸುಮಾರು ಒಂದು ಗಂಟೆಯ ಓಟ, ಮಕ್ಕಳಿಗೆ ಕಡಿಮೆ. ಹತ್ತಲಾಗದ ಕಡೆ ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿ ಓಡಬೇಕು. 2016, 2017, 2018ರಲ್ಲಿ ವಿಶ್ವ ಚಾಂಪಿಯನ್ ಆದ ವೌಟ್ ವಾನ್ ಆರ್ಟ್‌ರಂಥವರು ಕೆಸರು ಹೆಚ್ಚಿದ್ದರೆ ಅರ್ಧ ಸುತ್ತಿಗೊಮ್ಮೆ ಸೈಕಲ್ ಬದಲಿಸುತ್ತಾರೆ. ಬಿಟ್ಟ ಸೈಕಲ್ಲನ್ನು ಮೆಕ್ಯಾನಿಕ್‌ಗಳು ತೊಳೆದು, ಎಣ್ಣೆ ಬಿಟ್ಟು ಸಿದ್ಧವಾಗಿಡುತ್ತಾರೆ. ನಮ್ಮ ಹುಡುಗನಿಗೆ ಇದ್ದದ್ದು ಒಂದೇ ಸೈಕಲ್, ಒಬ್ಬನೇ ಅಜ್ಜ.

ಮೊದಲ ಭಾನುವಾರ ಓಟ ಮುಗಿದಮೇಲೆ ಒತ್ತಡದ ನೀರಿನ ಪೈಪು ನನ್ನ ಕೈಗೆ ಬಂತು. ಚಕ್ರದ ನಡುಭಾಗಕ್ಕೆ, ಪೆಡಲಿನ ಅಚ್ಚಿಗೆ ಗುರಿಯಿಟ್ಟು ಹೊಡೆದೆ. ಸೈಕಲ್ ಫಳಫಳ ಹೊಳೆಯಿತು. ಶುಕ್ರವಾರ ಮೊಮ್ಮಗ ಬಂದು, “ಅಜ್ಜ, ಮುಂದಿನ ಚಕ್ರ ಕರಕರ ಅಂತಿದೆ” ಎಂದ. ಮುಂದಿನ ಓಟಕ್ಕೆ ಎರಡೇ ದಿನ.

ತಪ್ಪು ನನ್ನದೇ. ನೀರಿನ ಒತ್ತಡಕ್ಕೆ ಮರಳು ಮಿಶ್ರಿತ ಕೆಸರು ಬೇರಿಂಗಿನೊಳಗೆ ನುಗ್ಗಿತ್ತು. ಹಬ್ ಬಿಚ್ಚಿದರೆ ಒಳಗಿನ ಗ್ರೀಸು ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಸಮಾಧಾನವೆಂದರೆ, ನಮ್ಮ ಹಳೆಯ ಸೈಕಲ್ಲುಗಳ ಹಾಗೆ ಅದರಲ್ಲೂ ಬಿಡಿ ಬಾಲ್ಸು, ಕೋನು. ಊರಿನ ಸೈಕಲ್ ಶಾಪಿನ ಮುಂದೆ ಕಾದು ನಿಂತು ಕಲಿತದ್ದು ಐವತ್ತು ವರ್ಷದ ಮೇಲೆ ಕೈಗೆ ಬಂತು. ಶನಿವಾರ ರಾತ್ರಿ ಇಬ್ಬರೂ ಕೂತು ಹಳೇ ಗ್ರೀಸು ಒರೆಸಿ, ಹೊಸ ಬಾಲ್ಸು ಕೂರಿಸಿದೆವು. ಕೋನು ಬಿಗಿಯುವುದೇ ನಾಜೂಕಿನ ಕೆಲಸ. ಹೆಚ್ಚು ಬಿಗಿದರೆ ಚಕ್ರ ಹಿಡಿಯುತ್ತದೆ, ಸಡಿಲವಾದರೆ ಅಲ್ಲಾಡುತ್ತದೆ. ನಾಲ್ಕು ಸಲ ಬಿಚ್ಚಿ ಬಿಗಿದೆವು.

ಅಂದಿನಿಂದ ತಗ್ಗಿಸಿದ ನೀರು, ಮೆತ್ತನೆ ಬ್ರಷ್ಷು. ತೊಳೆದ ಕೂಡಲೇ ಹಳೇ ಬನಿಯನ್ನಿನಿಂದ ಒರೆಸಿ, ಚೈನಿನ ಒಂದೊಂದು ಕೊಂಡಿಗೆ ಒಂದೊಂದು ತೊಟ್ಟು ಎಣ್ಣೆ. ಮೇಲೆ ಉಳಿದ ಎಣ್ಣೆಗೆ ಮರಳು ಅಂಟುತ್ತದೆ, ಅದನ್ನೂ ಒರೆಸಬೇಕು. ಬ್ರೇಕಿನ ತಟ್ಟೆಗೆ ಮಾತ್ರ ಎಣ್ಣೆ ಸೋಕಕೂಡದು. ಬ್ರೇಕ್ ಪ್ಯಾಡನ್ನು ಪ್ರತಿ ಓಟದ ನಂತರ ನೋಡಲೇಬೇಕು, ಕೆಸರು ಅದನ್ನು ಉಪ್ಪುಕಾಗದದಂತೆ ಸವೆಸುತ್ತದೆ. ಇದೆಲ್ಲ ನಾಳೆಗೆಂದು ಬಿಡುವಂತಿಲ್ಲ. ಬ್ಯಾಂಕಿನಲ್ಲೂ ಲೆಕ್ಕ ತಾಳೆಯಾಗದೆ ನಾವು ಮನೆಗೆ ಹೋಗುವಂತಿರಲಿಲ್ಲ.

ಭಾನುವಾರದ ಓಟದ ಕೊನೆಯ ಸುತ್ತಿನಲ್ಲಿ ಹುಲ್ಲು, ಕೆಸರು ಸುತ್ತಿಕೊಂಡು ಗೇರು ಬದಲಿಸುವ ಡಿರೇಲರ್ ಕಿತ್ತುಬಂತು. ಅದನ್ನು ಫ್ರೇಮಿಗೆ ಹಿಡಿದಿಡುವ ಪುಟ್ಟ ಲೋಹದ ತುಂಡು ಮುರಿದಿತ್ತು. ಫ್ಯೂಸಿನ ತಂತಿಯ ಹಾಗೆ, ಫ್ರೇಮನ್ನು ಉಳಿಸಲು ತಾನೇ ಮುರಿಯಲೆಂದು ಮಾಡಿದ ತುಂಡು ಅದು. ಹುಡುಗ ಸೈಕಲ್ ಹೊತ್ತುಕೊಂಡೇ ಓಡಿ, ಎಲ್ಲರಿಗಿಂತ ಕೊನೆಗೆ ಬಂದ. ಮುಖದಲ್ಲಿ ಕಣ್ಣೆರಡು ಬಿಟ್ಟರೆ ಎಲ್ಲ ಕೆಸರು.

“ಮುಂದಿನ ಚಕ್ರ ಮಾತ್ರ ಸೂಪರ್ ಆಗಿ ತಿರುಗ್ತಿತ್ತು, ಅಜ್ಜ!” ಎಂದ.